ಮಸ್ಸೊಪ್ಪು ಮತ್ತು ಎದೆಯೊಳಗಿನ ಚಾಡಿಕೋರ

ಗಂಡಸಾದವನಿಗೆ ತನ್ನ ಮನೆಯಲ್ಲಿ ಒಂದು ಸಣ್ಣ ಸುಳ್ಳು ಹೇಳುವ ಸ್ವಾತಂತ್ರ್ಯವೂ ಇಲ್ಲ ಅಂದರೆ ಅವನು ಸಂಸಾರ ಮಾಡುವುದಾದರೂ ಹೇಗೆ, ನೀವೇ ಹೇಳಿ. ಆವತಿ ರಸ್ತೆಯ ಫ್ಲೋರ್ ಮಿಲ್ಲಿನ ಆದಿನಾರಾಯಣಪ್ಪನ ದುಃಖ ಇದೇ. ಪಾಪ, ಅವನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಬೀಡಿ ಕೂಡ ಬಿಟ್ಟು ವರ್ಷಗಳಾದವು. ಅವನು ಹೆಂಡತಿಗೆ ಸುಳ್ಳು ಹೇಳುತ್ತಿದ್ದುದು ಒಂದೇ ವಿಷಯಕ್ಕೆ, ಅದೂ ಸೊಪ್ಪಿನ ವಿಷಯಕ್ಕೆ. ಆ ಒಂದು ಸುಳ್ಳೂ ಅವನಿಗೆ ದಕ್ಕುತ್ತಿರಲಿಲ್ಲ. ಏಕೆಂದರೆ ಅವನ ಎದೆಯೊಳಗೇ ಒಬ್ಬ ಚಾಡಿಕೋರ ಮನೆ ಮಾಡಿಕೊಂಡಿದ್ದ.

ಏರ್‌ಪೋರ್ಟಿಗೆ ವಿಮಾನಗಳು ಇಳಿಯಲು ಶುರುವಾದ ವರ್ಷವೇ ಅವನ ಹೃದಯದ ಒಂದು ಕವಾಟ ಕೈಕೊಟ್ಟಿತು. ಬೆಂಗಳೂರಿನ ಡಾಕ್ಟರುಗಳು ಎದೆ ತೆರೆದು, ಅದರ ಜಾಗದಲ್ಲಿ ಲೋಹದ ವಾಲ್ವೊಂದನ್ನು ಕೂರಿಸಿ ಕಳಿಸಿದರು. (ಬೋರ್‌ವೆಲ್ಲಿಗೆ ಹಾಕಿದಷ್ಟೇ ಸಲೀಸಾಗಿ ಹಾಕಿಬಿಟ್ಟರು ಎಂದು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ. ಆಗ ಅವನಿಗೆ ಎಚ್ಚರವಿರಲಿಲ್ಲ.) ವಾಲ್ವೇನೋ ಗಟ್ಟಿ. ಆದರೆ ತೆರೆದು ಮುಚ್ಚುವಾಗಲೆಲ್ಲ ಟಿಕ್, ಟಿಕ್ ಎನ್ನುತ್ತದೆ. ಸದ್ದಿಲ್ಲದ ಕಡೆ ಪಕ್ಕದಲ್ಲಿ ಕೂತವರಿಗೆ ಚೆನ್ನಾಗಿ ಕೇಳುತ್ತದೆ. ಸುಳ್ಳು ಹೇಳುವಾಗ ಯಾರ ಎದೆ ತಾನೇ ಡವಡವ ಅನ್ನುವುದಿಲ್ಲ? ಬೇರೆಯವರದ್ದು ಒಳಗೊಳಗೇ ಬಡಿದುಕೊಂಡು ಸುಮ್ಮನಾಗುತ್ತದೆ, ಇವನದ್ದು ನಡುಮನೆಗೆ ಬಂದು ಸಾಕ್ಷಿ ಹೇಳುತ್ತದೆ.

"ಪಕ್ಕದ ಮಾರಕ್ಕನ ಮನೇಲಿ ಏನಾರಾ ತಿಂದ್ರಾ?" ಎಂದು ಹೆಂಡತಿ ಲಕ್ಷ್ಮೀದೇವಮ್ಮ ಕೇಳುವಳು.

"ಇಲ್ಲ ಕಣೇ. ಬರೀ ನೀರು ಕುಡ್ದೆ."

ಟಿಕ್ ಟಿಕ್ ಟಿಕ್ ಟಿಕ್.

"ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ಳಾ ಮಾರಕ್ಕ?"

ಅಷ್ಟೆ, ಮೊಕದ್ದಮೆ ಮುಗಿಯುತ್ತಿತ್ತು.

ಸೊಪ್ಪು ತಿಂದರೆ ಅಂಥಾ ಅಪರಾಧವೇನು ಅಂತೀರಾ? ಇದೆ ಸ್ವಾಮಿ, ಕೇಳಿ. ಲೋಹದ ವಾಲ್ವನ್ನು ಕಂಡರೆ ರಕ್ತಕ್ಕೆ ಇದು ನಮ್ಮವನಲ್ಲ ಎಂದು ಗೊತ್ತಾಗುತ್ತದಂತೆ. ಗೊತ್ತಾದ ಕೂಡಲೇ ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದಂತೆ. ಹಾಗಾಗದ ಹಾಗೆ ಬದುಕಿರುವವರೆಗೂ ದಿನಾ ಸಂಜೆ ರಕ್ತ ತೆಳು ಮಾಡುವ ಒಂದು ಮಾತ್ರೆ. ಆ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ದೇವನಹಳ್ಳಿಗೆ ಹೋಗಿ ರಕ್ತಪರೀಕ್ಷೆ. ಅದರಲ್ಲೊಂದು ನಂಬರು ಬರುತ್ತದೆ. ಎರಡೂವರೆಯಿಂದ ಮೂರೂವರೆಯ ಒಳಗಿದ್ದರೆ ಸುಖ. ಕೆಳಗಿಳಿದರೆ ಹೆಪ್ಪುಗಟ್ಟುವ ಭಯ, ಮೇಲೇರಿದರೆ ರಕ್ತ ನಿಲ್ಲದೆ ಸೋರುವ ಭಯ. ಆಪರೇಷನ್ ಆಗಿ ಮಲಗಿದ್ದಾಗ ಪಕ್ಕದ ಮಂಚದವರೊಬ್ಬರು ಲಕ್ಷ್ಮೀದೇವಮ್ಮನನ್ನು ಹತ್ತಿರ ಕರೆದು, "ಈ ಮಾತ್ರೆಗೂ ಸೊಪ್ಪಿಗೂ ಆಗಿಬರಲ್ಲಮ್ಮ, ಮನೆ ಹೊಸಿಲು ದಾಟಿಸ್ಬೇಡಿ" ಎಂದುಬಿಟ್ಟರು. ಅವಳು ಮನೆಗೆ ಬಂದವಳೇ ಸಂಪೂರ್ಣ ಶಾಕನಿಷೇಧಾಜ್ಞೆ ಹೊರಡಿಸಿದಳು.

ಈ ಸೀಮೆಯಲ್ಲಿ ಮುದ್ದೆಗೆ ಸೊಪ್ಪಿಲ್ಲ ಅಂದರೆ ಊಟವೇ ಅಲ್ಲ. ಅದೂ ಏರ್‌ಪೋರ್ಟ್ ಬಂದ ಮೇಲೆ ಸೊಪ್ಪಿಗೆ ಸುಗ್ಗಿಯೋ ಸುಗ್ಗಿ. ಸುತ್ತಮುತ್ತಲ ಹೊಲಗಳೆಲ್ಲ ಸೈಟುಗಳಾದವು. ಸೈಟುಗಳಿಗೆ ಕಲ್ಲು ನೆಟ್ಟರು, ರಸ್ತೆ ಎಳೆದರು, ಕಮಾನಿನ ಮೇಲೆ 'ಗ್ರೀನ್' ಅಂತ ಸೇರಿಸಿ ಏನೇನೋ ಹೆಸರು ಬರೆಸಿದರು. ಮನೆ ಮಾತ್ರ ಒಂದೂ ಏಳಲಿಲ್ಲ. ಉಳುಮೆ ಇಲ್ಲದ ಆ ನೆಲದಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ಅಣ್ಣೆ, ಗಣಿಕೆ, ಕೀರೆ, ದೊಡ್ಡಗೋಣಿ, ಎಲ್ಲ ಸೊಪ್ಪೂ ಒಟ್ಟಿಗೇ ಎದ್ದು ನಿಲ್ಲುತ್ತಿತ್ತು. ಊರ ಹೆಂಗಸರು ಮಡಿಲು ತುಂಬಾ ಬೆರಕೆ ಸೊಪ್ಪು ಕುಯ್ದುಕೊಂಡು ಬಂದು, ಬೇಳೆ ಜೊತೆ ಬೇಯಿಸಿ ಮಸೆದು ಮಸ್ಸೊಪ್ಪು ಮಾಡುತ್ತಿದ್ದರು. ಸಂಜೆ ಬೀದಿಯಲ್ಲಿ ನಡೆದು ಬಂದರೆ ಪ್ರತಿ ಮನೆಯಿಂದಲೂ ಆ ಘಮಲು. ಆದಿನಾರಾಯಣಪ್ಪ ಮಾತ್ರ ಮನೆಗೆ ಬಂದು ತಿಳಿಸಾರು ಉಣ್ಣಬೇಕು. ಅವನಿಗೆ ಹೊಟ್ಟೆ ಉರಿಯುತ್ತಿತ್ತು, ಕಣ್ಣಲ್ಲಿ ನೀರೇ ಬರುತ್ತಿತ್ತು.

ಅವನಿಗೆ ಉಳಿದಿದ್ದ ಒಂದೇ ಅಭಯಾರಣ್ಯ ಅವನ ಮಿಲ್ಲು. ಬೆಲ್ಟು ತಿರುಗಲು ಶುರುವಾದರೆ ದಡಬಡ ದಡಬಡ ಸದ್ದಿನಲ್ಲಿ ಮೇಲೆ ವಿಮಾನ ಹೋದದ್ದೇ ತಿಳಿಯುತ್ತಿರಲಿಲ್ಲ, ಇನ್ನು ವಾಲ್ವಿನ ಸದ್ದು ಯಾರಿಗೆ ಕೇಳಬೇಕು? ರಾಗಿ ಬೀಸಿಸಲು ಬರುವ ಹೆಂಗಸರಿಗೆ ಅವನ ಮೇಲೆ ಕರುಣೆ. ನಮ್ಮ ಕಡೆ ಮನೆಯಲ್ಲಿ ಒಳ್ಳೆಯ ಸಾರಾದರೆ ಪಕ್ಕದ ಮನೆಗೆ ಒಂದು ಬಟ್ಟಲು ಕೊಟ್ಟು ಕಳಿಸುವುದು ಇದ್ದದ್ದೇ. ಹಾಗೆ ಮಾರಕ್ಕ ಒಂದು ದಿನ ಸೆರಗಿನ ಮರೆಯಲ್ಲಿ ಬಟ್ಟಲು ತಂದು, "ಒಂದು ಸೌಟಿಗೇನಾಯ್ತದೆ, ತಿನ್ನಪ್ಪ" ಎಂದಳು. ನರಸಮ್ಮ ಇನ್ನೊಂದು ದಿನ ತಂದಳು. ಬಂದವರೆಲ್ಲ ತಾವೊಬ್ಬರೇ ಕೊಡುತ್ತಿರುವುದು ಅಂದುಕೊಂಡಿದ್ದರು. ಆದಿನಾರಾಯಣಪ್ಪನೂ ಅದನ್ನು ತಿದ್ದಲು ಹೋಗಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅವನಿಗೆ ದಿಗಿಲಾಗುತ್ತಿತ್ತು. ಆಗ ಒಂದು ವಾರ ಸೊಪ್ಪಿನ ಕಡೆ ಕಣ್ಣೆತ್ತಿ ಕೂಡ ನೋಡದೆ ಕಠೋರ ವ್ರತ ಹಿಡಿಯುತ್ತಿದ್ದ. ವ್ರತ ಗಟ್ಟಿಯಾದ ತಿಂಗಳು ನಂಬರು ಐದರ ಹತ್ತಿರ, ವ್ರತ ಕೆಟ್ಟ ತಿಂಗಳು ಒಂದೂವರೆ. ಡಾಕ್ಟರು ಮಾತ್ರೆ ಏರಿಸುವರು, ಇಳಿಸುವರು. ಒಂದು ಸಲ ಕ್ಷೌರ ಮಾಡಿಕೊಳ್ಳುವಾಗ ಗಲ್ಲಕ್ಕೆ ಆದ ಸಣ್ಣ ಗೀರು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಲಕ್ಷ್ಮೀದೇವಮ್ಮ ದೃಷ್ಟಿ ತೆಗೆದಳು. ಔಷಧಿ ಅಂಗಡಿಯವನು ಹಳೇ ಸ್ಟಾಕ್ ಕೊಡುತ್ತಿದ್ದಾನೆಂದು ಹೋಗಿ ಜಗಳವಾಡಿ ಬಂದಳು. ಗಂಡನ ಮೇಲೆ ಒಂದಿಷ್ಟು ಅನುಮಾನವಿದ್ದರೂ ಇಷ್ಟು ಧೈರ್ಯಸ್ಥ ಅಂತ ಅವಳಿಗೆ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲೇ ಅವಳ ತಮ್ಮ ಪಿಳ್ಳಣ್ಣ ಜಡಿಗೇನಹಳ್ಳಿಯಿಂದ ಬಂದ. ಅವನಿಗೂ ಹೃದಯದ ತೊಂದರೆಯೇ, ಬಡಿತ ಒಮ್ಮೆ ಓಡುವುದು ಒಮ್ಮೆ ಕುಂಟುವುದು. ಅವನಿಗೂ ರಕ್ತ ತೆಳು ಮಾಡುವ ಮಾತ್ರೆಯೇ. ಆದರೆ ಅವನು ನೆಂಟನಿಗೆಂದು ಮಾರಕ್ಕನ ಮನೆಯಿಂದ ಬಂದ ಮಸ್ಸೊಪ್ಪಿನಲ್ಲಿ ಮೂರು ಮುದ್ದೆ ಮುರಿದ. ಆದಿನಾರಾಯಣಪ್ಪ ತಿಳಿಸಾರಿನಲ್ಲಿ ಬೆರಳಾಡಿಸುತ್ತಾ ಬಾಯಿ ಬಿಟ್ಟು ನೋಡಿದ.

"ಏನ್ಲಾ ಇದು, ನಿಂಗೆ ಪಥ್ಯ ಇಲ್ವಾ?"

"ಅದೆಲ್ಲ ಹಳೇ ಮಾತ್ರೆಗೆ ಭಾವ. ನಂದು ಹೊಸ ಮಾತ್ರೆ. ತಿಂಗ್ಳಿಗೊಂದ್ಸಲ ಸೂಜಿ ಚುಚ್ಚುಸ್ಕೊಳಂಗಿಲ್ಲ, ಸೊಪ್ಪು ಬಿಡಂಗಿಲ್ಲ. ನೀನಿನ್ನೂ ಓಬೀರಾಯನ ಕಾಲದ್ದೇ ನುಂಗ್ತಿದೀಯ?"

ಪಿಳ್ಳಣ್ಣ ಊರಿಗೆ ಹೊರಟಾಗ ಆದಿನಾರಾಯಣಪ್ಪ ಬಸ್ ಸ್ಟಾಪಿನವರೆಗೂ ಚೀಲ ಹೊತ್ತುಕೊಂಡು ಹೋದ. ಭಾಮೈದನ ಚೀಲವನ್ನು ಅವನು ಜನ್ಮದಲ್ಲಿ ಹೊತ್ತವನಲ್ಲ. ಪಿಳ್ಳಣ್ಣನ ಮನಸ್ಸು ಕರಗಿತು. ಜೇಬಿನಿಂದ ಒಂದು ಪೂರ್ತಿ ಶೀಟು ಮಾತ್ರೆ ತೆಗೆದು ಭಾವನ ಕೈಗಿಟ್ಟು, "ಅಕ್ಕಂಗೆ ಹೇಳ್ಬ್ಯಾಡ" ಎಂದ. ಪರೀಕ್ಷೆಯಿಲ್ಲ, ಪಥ್ಯವಿಲ್ಲ, ಸುಳ್ಳು ಹೇಳುವ ಪ್ರಮೇಯವೇ ಇಲ್ಲ! ಇಷ್ಟು ಸುಲಭದ ದಾರಿ ದೇವನಹಳ್ಳಿಯ ಡಾಕ್ಟರಮ್ಮನಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಆದಿನಾರಾಯಣಪ್ಪ ದಾರಿಯುದ್ದಕ್ಕೂ ಮರುಗಿದ.

ಮಾರನೆಯ ದಿನ ಬೆಳಿಗ್ಗೆ ಮಿಲ್ಲು ಭರ್ತಿಯಾಗಿ ಓಡುತ್ತಿತ್ತು. ಹೆಂಗಸರು ಡಬ್ಬಗಳನ್ನು ಸಾಲಾಗಿ ಇಟ್ಟು ಗೋಡೆಗೊರಗಿ ಕೂತಿದ್ದರು. ಮಾರಕ್ಕ ಕೊಟ್ಟ ಮಸ್ಸೊಪ್ಪಿನ ಬಟ್ಟಲು ಅವನ ಬಲಗೈಲಿ, ಹೊಸ ಮಾತ್ರೆಯ ಶೀಟು ಎಡಗೈಲಿ. ಬೆಲ್ಟಿನ ಸದ್ದನ್ನು ಮೀರಿಸಿ ಅವನು ಕೂಗಿದ. "ಇದೊಂದು ನುಂಗ್ಬುಟ್ರೆ ಮುಗೀತು ಮಾರಕ್ಕಾ! ಇನ್ಮ್ಯಾಕೆ ಕದ್ದು ತಿನ್ನಂಗಿಲ್ಲ, ರಾಜಾರೋಷವಾಗಿ ತಿಂತೀನಿ! ನಮ್ಮನೆ ಅವ್ಳು ಏನ್ ಮಾಡ್ಕೊಂತಾಳೆ ಮಾಡ್ಕೊಳ್ಲಿ!"

ಆ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು.

ಬೆಲ್ಟು ಉಸ್ ಎಂದು ನಿಂತಿತು. ಕೊನೆಯ ನಾಲ್ಕು ಮಾತು ನಿಶ್ಶಬ್ದದಲ್ಲಿ ಬೀದಿಯವರೆಗೂ ಕೇಳಿದವು. ಹೆಂಗಸರೆಲ್ಲ ಅವನನ್ನು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಲಕ್ಷ್ಮೀದೇವಮ್ಮ ನಿಂತಿದ್ದಳು. ಅವನು ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕ ಕೊಡಲು ಬಂದಿದ್ದಳು.

ಟಿಕ್ ಟಿಕ್ ಟಿಕ್ ಟಿಕ್ ಟಿಕ್.

"ಏನದು ಕೈಯಲ್ಲಿ?"

"ಎಲ್ಲಿ? ಏನೂ ಇಲ್ವಲ್ಲ."

"ಬಲಗೈಲಿರೋದು ಮಾರಕ್ಕನ ಮನೆ ಬಟ್ಲು ಅಂತ ನಂಗೂ ಕಾಣ್ತದೆ. ಎಡಗೈ ಬಿಚ್ಚಿ."

ಮಾರಕ್ಕ ಎದ್ದು ನಿಂತಳು. "ಒಂದೇ ಸೌಟು ಕಣಮ್ಮಿ. ಪಾಪ ಆಸೆ ಪಟ್ಟ."

"ಅಯ್ಯೋ, ನಾನೂ ಒಂದೇ ಸೌಟು ಕೊಡ್ತಿದ್ದದ್ದು" ಎಂದಳು ನರಸಮ್ಮ. ಅವಳ ಹಿಂದಿನವಳು, "ನಂದೂ ಒಂದೇ" ಎಂದಳು. ಸಾಲಿನ ಕೊನೆಯವರೆಗೂ ಒಂದೊಂದೇ ಸೌಟು ಹೊರಬಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಯಿ ಮೇಲೆ ಕೈ ಇಟ್ಟರು.

"ಊರೆಲ್ಲ ಸೇರ್ಕೊಂಡು ನನ್ ಗಂಡುನ್ನ ಮೇಯಿಸ್ತಿದೀರ, ನಾನು ಔಷ್ದಿ ಅಂಗ್ಡಿಯೋನ ಮ್ಯಾಲೆ ಜಗಳಕ್ಕೆ ಹೋಗಿದ್ದೆ" ಎಂದು ಲಕ್ಷ್ಮೀದೇವಮ್ಮ ಮಾತ್ರೆಯ ಶೀಟನ್ನು ಕಿತ್ತುಕೊಂಡಳು. ತಮ್ಮನದೇ ಮಾತ್ರೆ ಎಂದು ಗುರುತು ಸಿಕ್ಕಿತು. ಬಟ್ಟಲನ್ನು ಮಾರಕ್ಕನ ಕೈಗೆ ವಾಪಸ್ ಕೊಟ್ಟು, ಡಾಕ್ಟರ ಹತ್ತಿರ ಹೋಗಲು ಆಟೋ ಕೂಗಿದಳು. ಬೈದಿದ್ದರೆ ಆದಿನಾರಾಯಣಪ್ಪನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ದೇವನಹಳ್ಳಿಗೆ ಹೋಗುವ ಆಟೋದಲ್ಲಿ ಅರ್ಧ ದಾರಿ ಕಳೆದ ಮೇಲೆ ಬಾಯಿ ಬಿಟ್ಟಳು. "ನಿಮಗೆ ಆಪ್ರೇಷನ್ ಆದಾಗಿಂದ ನಾನೂ ಒಂದೆಲೆ ಸೊಪ್ಪು ಬಾಯಿಗಿಟ್ಟಿಲ್ಲ, ಗೊತ್ತಾ? ನೀವು ತಿನ್ನದ್ದು ನಂಗ್ಯಾಕೆ ಅಂತ. ಆ ಟಿಕ್ ಟಿಕ್ ಕೇಳ್ಕೊಂಡೇ ನಂಗೆ ನಿದ್ದೆ ಬರೋದು. ಒಂದಿನ ಅದು ನಿಂತೋದ್ರೆ ನಾನೇನ್ ಮಾಡ್ಲಿ ಹೇಳಿ."

ಅವಳ ಮುಂದೆ ತಾನು ಎಂಥ ಸಣ್ಣ ಮನುಷ್ಯ ಎಂದು ಆದಿನಾರಾಯಣಪ್ಪನಿಗೆ ಅನ್ನಿಸಿತು. "ತಪ್ಪಾಯ್ತು ಕಣೇ" ಎಂದ.

ಸಿಗ್ನಲ್ಲಿನಲ್ಲಿ ಆಟೋ ಇಂಜಿನ್ ಆಫ್ ಆಗಿತ್ತು. ಅವಳು ಒಂದು ಕ್ಷಣ ಕಿವಿಗೊಟ್ಟು ಕೇಳಿದಳು. ಟಿಕ್... ಟಿಕ್... ಟಿಕ್.

"ಹೂಂ. ನಿಜವೇ ಹೇಳ್ತಿದೀರ" ಎಂದು ಕಣ್ಣೊರೆಸಿಕೊಂಡಳು.

ಡಾಕ್ಟರ್ ಯಶಸ್ವಿನಿ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಎಲ್ಲ ಕೇಳಿ, ಮೊದಲು ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ರಕ್ತಕ್ಕೆ ಕಳಿಸಿ, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

"ನೋಡಿ ಯಜಮಾನ್ರೇ. ಗಾಯ ಆದ ಕಡೆ ರಕ್ತ ಹೆಪ್ಪುಗಟ್ಟಬೇಕು, ಇಲ್ಲದ ಕಡೆ ಹರೀತಾ ಇರ್ಬೇಕು. ಹೆಪ್ಪುಗಟ್ಟೋಕೆ ಬೇಕಾದ ಸಾಮಾನು ಲಿವರ್‌ನಲ್ಲಿ ತಯಾರಾಗುತ್ತೆ. ಅದರಲ್ಲಿ ನಾಲ್ಕು ಮುಖ್ಯವಾದವಕ್ಕೆ ಸೊಪ್ಪಲ್ಲಿರೋ ಕೆ ವಿಟಮಿನ್ ಬೇಕು. ನಿಮ್ಮ ಹಳೇ ಮಾತ್ರೆ ಆ ವಿಟಮಿನ್ ಕೆಲಸಕ್ಕೆ ಬಾರದ ಹಾಗೆ ಮಾಡುತ್ತೆ. ಸಾಮಾನು ಕಡಿಮೆಯಾಗುತ್ತೆ. ನೀವು ಸೊಪ್ಪು ಜಾಸ್ತಿ ತಿಂದ್ರೆ ಅದು ಮತ್ತೆ ಏರುತ್ತೆ. ಇದೆಲ್ಲ ಆಗೋಕೆ ದಿನಗಳು ಹಿಡಿಯುತ್ತೆ, ಅದಕ್ಕೇ ರಕ್ತಪರೀಕ್ಷೆ."

"ಮತ್ತೆ ಪಿಳ್ಳಣ್ಣಂದು?"

"ಹೊಸ ಮಾತ್ರೆ ಲಿವರ್ ಸುದ್ದಿಗೇ ಹೋಗಲ್ಲ. ಸಾಮಾನೆಲ್ಲ ತಯಾರಾಗ್ಲಿ ಅಂತ ಬಿಡುತ್ತೆ. ರಕ್ತದಲ್ಲಿ ಅವು ಒಂದು ಇನ್ನೊಂದನ್ನ ಎಬ್ಬಿಸ್ತಾ ಹೋಗ್ತವೆ. ಆ ಸಾಲಿನಲ್ಲಿ ಒಂದನ್ನ ಮಾತ್ರ ಈ ಮಾತ್ರೆ ಗಟ್ಟಿಯಾಗಿ ಹಿಡ್ಕೊಂಡು ಕೂರುತ್ತೆ. ಒಂದು ಕಂಪನಿದು ಹತ್ತನೇ ನಂಬರ್ ಅನ್ನೋದನ್ನ ಹಿಡಿಯುತ್ತೆ, ಇನ್ನೊಂದರದು ಅದು ಎಬ್ಬಿಸೋ ಮುಂದಿನದನ್ನ. ಸೊಪ್ಪಿಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಒಂದು ದಿನ ಬಿಟ್ರೆ ಹಿಡಿತ ತಪ್ಪಿಹೋಗುತ್ತೆ."

ಆದಿನಾರಾಯಣಪ್ಪನ ಮುಖ ಅರಳಿತು. "ಗೊತ್ತಾಯ್ತು ಮೇಡಂ! ಹಳೇದು ಮಿಲ್ಲಿಗೆ ರಾಗಿ ಬರೋದು ಕಮ್ಮಿ ಮಾಡ್ತದೆ. ಹೊಸದು ರಾಗಿ ಬರ್ಲಿ ಬುಡು ಅಂತ ಬೆಲ್ಟು ಹಿಡ್ಕೊಂಡ್ಬುಡ್ತದೆ. ಹಂಗಾರೆ ನಂಗೂ ಬೆಲ್ಟು ಹಿಡಿಯೋದೇ ಕೊಡಿ."

"ನಿಮಗೆ ಆಗಲ್ಲ. ಪಿಳ್ಳಣ್ಣನವರ ಕವಾಟ ಹುಟ್ಟಿದಾಗಿಂದ ಇರೋದು, ಬಡಿತ ಮಾತ್ರ ತಾಳ ತಪ್ಪಿದೆ. ನಿಮ್ಮದು ಲೋಹದ್ದು. ಅಂಥವರಿಗೆ ಹೊಸ ಮಾತ್ರೆ ಕೊಟ್ಟು ನೋಡಿದಾರೆ, ವಾಲ್ವ್ ಮೇಲೇ ಹೆಪ್ಪುಗಟ್ಟಿದೆ. ನೀವು ಅದನ್ನ ನುಂಗಿ ಹಳೇದು ಬಿಟ್ಟಿದ್ರೆ ಈ ಟಿಕ್ ಟಿಕ್ ಮಂಕಾಗ್ತಿತ್ತು, ಉಸಿರು ಕಟ್ತಿತ್ತು. ಪಾರ್ಶ್ವವಾಯು ಹೊಡೀಬಹುದಿತ್ತು."

ಲಕ್ಷ್ಮೀದೇವಮ್ಮ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರು ಅಲ್ಲಿಂದಲೇ ಪಿಳ್ಳಣ್ಣನಿಗೆ ಫೋನ್ ಮಾಡಿಸಿ, "ಮಾತ್ರೆ ಭಾವನಿಗೆ ಕೊಟ್ಟು ನೀವೇನು ತಗೊಳ್ತಿದೀರ?" ಎಂದು ಕೇಳಿದರು. "ನಾಳೆ ಹೊಸಕೋಟೆಗೆ ಹೋದಾಗ ತರಣ ಅಂತಿದ್ದೆ" ಎಂದು ಅತ್ತಕಡೆಯಿಂದ ಕ್ಷೀಣ ಧ್ವನಿ ಬಂತು. ಆಮೇಲೆ ಅಕ್ಕ ಫೋನ್ ಕಸಿದುಕೊಂಡು ಹೇಳಿದ ಮಾತುಗಳನ್ನು ಕೇಳಿ ಅವನು ಆ ಗಳಿಗೆಯೇ ಹೊಸಕೋಟೆಗೆ ಹೊರಟನಂತೆ.

"ಅದಿರಲಿ" ಎಂದರು ಡಾಕ್ಟರು, "ಸೊಪ್ಪು ತಿನ್ನಲೇಬಾರದು ಅಂತ ನಿಮಗೆ ಹೇಳಿದ್ಯಾರು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಪಕ್ಕದ ಮಂಚದೋರು" ಎಂದಳು ಲಕ್ಷ್ಮೀದೇವಮ್ಮ.

"ಅವರು ಡಾಕ್ಟ್ರಾ?"

"ಇಲ್ಲ, ಡ್ರಿಲ್ ಮೇಷ್ಟ್ರು."

ಡಾಕ್ಟರ್ ಯಶಸ್ವಿನಿ ನಗು ತಡೆದುಕೊಂಡರು. "ಊಟ ದಿನಾ ಒಂದೇ ಸಮ ಇರ್ಲಿ ಅಂತಷ್ಟೇ ನಾನು ಹೇಳಿದ್ದು. 'ಏನೂ ವ್ಯತ್ಯಾಸ ಇಲ್ಲ ಮೇಡಂ' ಅಂತ ಪ್ರತಿ ಸಲ ನೀವೇ ಹೇಳ್ತಿದ್ರಿ. ಸೊಪ್ಪು ಧಾರಾಳವಾಗಿ ತಿನ್ನಿ. ದಿನಾ ಅಳತೆಯಲ್ಲಿ ಒಂದೇ ಸೌಟು. ಒಂದಿನ ಮೂರು, ಒಂದಿನ ಸೊನ್ನೆ ಮಾಡ್ಬೇಡಿ. ಆ ಸೌಟಿಗೆ ತಕ್ಕ ಹಾಗೆ ಮಾತ್ರೆ ನಾನು ಹೊಂದಿಸ್ತೀನಿ."

ಆದಿನಾರಾಯಣಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಇಷ್ಟು ವರ್ಷ ಬಚ್ಚಿಟ್ಟು ತಿಂದದ್ದನ್ನು ಬಾಯಿ ಬಿಟ್ಟು ಹೇಳಿದ್ದರೆ ತಟ್ಟೆಯಲ್ಲಿ ಬಡಿಸಿಕೊಂಡೇ ತಿನ್ನಬಹುದಿತ್ತು! ಅಂದು ರಾತ್ರಿ ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಮಸ್ಸೊಪ್ಪಿನಲ್ಲಿ ಮುದ್ದೆ ಉಂಡರು. ಲಕ್ಷ್ಮೀದೇವಮ್ಮ ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡಳು. ಅವನಿಗೆ ಅದನ್ನು ನೋಡುವುದೇ ಒಂದು ಹಬ್ಬವಾಗಿತ್ತು.

ಎರಡು ತಿಂಗಳು ಸ್ವರ್ಗ. ನಂಬರು ಮೂರರ ಆಸುಪಾಸಿನಲ್ಲಿ ಜಗ್ಗದೆ ನಿಂತಿತು. ಡಾಕ್ಟರು ಶಭಾಷ್ ಎಂದರು. ಆಮೇಲೆ ಆದಿನಾರಾಯಣಪ್ಪನಿಗೆ ಒಂದು ವಿಷಯ ನಿಧಾನವಾಗಿ ಅರಿವಾಯಿತು. 'ದಿನಾ' ಅಂದರೆ ದಿನಾ. ಭಾನುವಾರ ಕೋಳಿ ಸಾರಿಗೆ ಮೊದಲು ಒಂದು ಸೌಟು ಸೊಪ್ಪು. ಹಬ್ಬದ ಹೋಳಿಗೆಗೆ ಮೊದಲು ಒಂದು ಸೌಟು ಸೊಪ್ಪು. ಯುಗಾದಿ ಮಾರನೆಯ ದಿನ ಊರೆಲ್ಲ ವರ್ಷತೊಡಕಿನ ಬಾಡೂಟಕ್ಕೆ ಕೂತರೆ, ಇವನು ಮೂಲೆಯಲ್ಲಿ ಕೀರೆ ಸೊಪ್ಪು ಅಗಿಯಬೇಕು. ಕದ್ದು ತಿನ್ನುವಾಗ ಅಮೃತದಂತಿದ್ದದ್ದು ಬಡಿಸಿಕೊಂಡು ತಿನ್ನುವಾಗ ಕಷಾಯವಾಯಿತು. ಮಿಲ್ಲಿಗೆ ಬರುವ ಹೆಂಗಸರು ಈಗ ಬಟ್ಟಲು ತರುವುದಿರಲಿ, "ಇವತ್ತಿಂದು ತಿಂದ್ಯೇನಪ್ಪ?" ಎಂದು ವಿಚಾರಣೆ ಮಾಡುತ್ತಿದ್ದರು. ಎಲ್ಲಿಗೆ ಹೊರಟರೂ ಲಕ್ಷ್ಮೀದೇವಮ್ಮನ ಚೀಲದಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ ಸಿದ್ಧ.

ಹೀಗಿರುವಾಗ ದೇವನಹಳ್ಳಿಯ ಗೋಣಿಚೀಲದ ವ್ಯಾಪಾರಿ ನೂರ್ ಅಹಮದನ ಮಗಳು ಖುಷ್ನುಮಾಳ ಮದುವೆ ಬಂತು. ನೂರ್ ಅಹಮದ್ ಮಿಲ್ಲಿನ ಹಳೇ ಸ್ನೇಹಿತ. ಅವನ ಮನೆಯ ಬಿರಿಯಾನಿಗಾಗಿ ಆದಿನಾರಾಯಣಪ್ಪ ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದ. ಶಾದಿಮಹಲಿನ ಹಿಂದೆ ದೊಡ್ಡ ದೊಡ್ಡ ದೇಗ್ ಹಂಡೆಗಳಿಂದ ಬರುತ್ತಿದ್ದ ಆ ಪರಿಮಳಕ್ಕೆ ಅವನ ವಾಲ್ವೇ ಒಂದು ಟಿಕ್ ತಪ್ಪಿರಬೇಕು. ಅಂಥ ಹಸಿವನ್ನು ಸೊಪ್ಪಿನ ಪಲ್ಯದ ಮೇಲೆ ಖರ್ಚು ಮಾಡುವುದೇ? ಛೇ! ಲಕ್ಷ್ಮೀದೇವಮ್ಮ ಕೊಟ್ಟ ಡಬ್ಬಿಯನ್ನು ಅವನು ಹಾಗೇ ಜುಬ್ಬದ ಜೇಬಿಗೆ ಇಳಿಸಿಬಿಟ್ಟ. ಒಂದು ದಿನ ತಪ್ಪಿದರೆ ಏನಾಗಿಬಿಡುತ್ತದೆ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ನೂರ್ ಅಹಮದ್ ಅವನನ್ನು ಮರ್ಯಾದೆಯಿಂದ ಕರೆದೊಯ್ದು ಮುಂದಿನ ಸಾಲಿನಲ್ಲಿ, ಹೆಂಗಸರ ಕಡೆಯ ಪರದೆಗೆ ಒತ್ತಿಕೊಂಡಿದ್ದ ಕುರ್ಚಿಯಲ್ಲಿ ಕೂರಿಸಿದ. "ಇದೇ ನಿಮ್ಮ ಕುರ್ಚಿ ಅಣ್ಣಾ. ಜಾಹಿದಾ ನಿಮಗೋಸ್ಕರಾನೇ ಹಾಕ್ಸಿದಾಳೆ" ಎಂದ. ನೂರನ ಹೆಂಡತಿ ಜಾಹಿದಾ ತನಗೇ ಅಂತ ಜಾಗ ಹಿಡಿಸುವಷ್ಟು ದೊಡ್ಡ ಮನುಷ್ಯ ತಾನಾದೆನಲ್ಲ ಎಂದು ಆದಿನಾರಾಯಣಪ್ಪ ಉಬ್ಬಿದ.

ನಿಕಾಹ್ ಮುಗಿಯಿತು. ಪರದೆಯ ಅಂಚು ಸರಿದು ಪರಿಚಯದ ದನಿಯೊಂದು ಕೇಳಿತು.

"ತಿಂದ್ರಾ?"

"ಆವಾಗ್ಲೇ ತಿಂದೆ ಕಣೇ. ಡಬ್ಬಿ ಖಾಲಿ."

ಅಷ್ಟರಲ್ಲಿ ಖಾಜಿ ಸಾಹೇಬರು ದುವಾಗೆ ಕೈ ಎತ್ತಿದರು. ಶಾದಿಮಹಲಿನಲ್ಲಿದ್ದವರೆಲ್ಲ ಕೈ ಎತ್ತಿ ಕಣ್ಣು ಮುಚ್ಚಿದರು. ಅಳುತ್ತಿದ್ದ ಕೂಸುಗಳು ಕೂಡ ಸುಮ್ಮನಾದವು.

ಟಿಕ್ ಟಿಕ್ ಟಿಕ್ ಟಿಕ್ ಟಿಕ್ ಟಿಕ್.

ಪಕ್ಕದಲ್ಲಿದ್ದ ನೂರ್ ಅಹಮದ್ ಕಣ್ಣು ಮುಚ್ಚಿಕೊಂಡೇ ತನ್ನ ಕೈಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ. ಹಿಂದಿನ ಸಾಲಿನ ಮುದುಕರೊಬ್ಬರು ಕುರ್ಚಿಯ ಕೆಳಗೆ ಬಗ್ಗಿ ಹುಡುಕಿದರು. ತನ್ನ ಕುರ್ಚಿಯನ್ನು ಪರದೆಗೆ ಅಂಟಿಸಿ ಹಾಕಿಸಿದ್ದು ಜಾಹಿದಾ ಆದರೂ, ಹಾಕಿಸು ಎಂದು ಅವಳಿಗೆ ಹೇಳಿದವರು ಯಾರು ಎಂಬುದು ಆದಿನಾರಾಯಣಪ್ಪನಿಗೆ ಆಗ ಹೊಳೆಯಿತು.

ಪರದೆಯ ಆಚೆಯಿಂದ ಲಕ್ಷ್ಮೀದೇವಮ್ಮ ಒಂದೇ ಒಂದು ಸಲ ಕೆಮ್ಮಿದಳು.

"ಆಮೀನ್" ಎಂದಿತು ಸಭೆ. ಎಲ್ಲರೂ ಬಿರಿಯಾನಿಯ ಕಡೆ ಎದ್ದರು. ಆದಿನಾರಾಯಣಪ್ಪ ಕೂತಲ್ಲೇ ಕೂತು ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.